ಹೊಸ್ತಿಲಮ್ಮನನ್ನು ಬರೆದವರು

ಮೇಷ್ಟ್ರು ತೀರಿಕೊಂಡು ಒಂದು ತಿಂಗಳಾಗುತ್ತಾ ಬಂತು. ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೆನಪಿನ ಸಂಚಿಕೆಯೊಂದನ್ನು ತರುತ್ತಾರಂತೆ. ನೀನು ಪಕ್ಕದ ಮನೆಯಲ್ಲೇ ಬೆಳೆದವಳು, ನಾಲ್ಕು ಮಾತು ಬರೆದುಕೊಡು ಎಂದರು. ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ನಾನು ಬರೆದದ್ದನ್ನು ಅವರು ಅಚ್ಚು ಹಾಕುವುದಿಲ್ಲ. ಹಾಕದಿದ್ದರೂ ಸರಿ. ನನಗೆ ಬರೆಯುವುದನ್ನು ಕಲಿಸಿದವರು ಮೇಷ್ಟ್ರೇ, ಅವರ ವಿಷಯದಲ್ಲಿ ಅರ್ಧ ಬರೆದು ಬಿಡುವುದು ನನ್ನಿಂದಾಗದು.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಒಂದು ಗೋಡೆ. ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಬೀದಿಗೆಲ್ಲ ಮೇಷ್ಟ್ರು, ಅದೇ ಶಾಲೆಯಲ್ಲಿ ಓದಿದ ನನಗೆ ಸಾರ್. ತೆಳ್ಳಗೆ, ಎತ್ತರಕ್ಕಿದ್ದರು. ಬಿಳಿ ಪಂಚೆ, ತೋಳು ಮಡಚಿದ ಷರಟು. ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಚೂರು ಸೀಮೆಸುಣ್ಣ. ಸೈಕಲ್ಲು ಇತ್ತು, ಆದರೆ ಅದನ್ನು ಹತ್ತಿದ್ದಕ್ಕಿಂತ ತಳ್ಳಿಕೊಂಡು ನಡೆದದ್ದೇ ಹೆಚ್ಚು. ತಲೆಯೊಳಗೆ ಏನಾದರೂ ಓಡುತ್ತಿದ್ದರೆ ಪೆಡಲು ತುಳಿಯುವುದು ಮರೆತುಹೋಗುತ್ತದೆ ಎನ್ನುತ್ತಿದ್ದರು.

ಸೀಮೆಸುಣ್ಣ ಇದ್ದದ್ದು ಅಂಗಡಿ ಬೋರ್ಡುಗಳನ್ನು ತಿದ್ದುವುದಕ್ಕೆ. ನಮ್ಮ ಬೀದಿಯ ಕೊನೆಯಲ್ಲಿ ಹಾಲು ಮಾರುತ್ತಿದ್ದವನು ಕರಿ ಹಲಗೆಯ ಮೇಲೆ ‘ಇಲ್ಲಿ ಆಲು ಮೊಸರು ಸಿಗುತ್ತದೆ’ ಎಂದು ಬರೆದಿದ್ದ. ಮೇಷ್ಟ್ರು ಹೋಗುವಾಗ ‘ಆ’ ಒರೆಸಿ ‘ಹಾ’ ಮಾಡುತ್ತಿದ್ದರು. ಮಾರನೆಯ ವಾರ ಅವನು ಹಲಗೆ ತೊಳೆದು ಮತ್ತೆ ‘ಆಲು’ ಎಂದೇ ಬರೆಯುತ್ತಿದ್ದ.

‘ಆಲು ಅಂದ್ರೂ ನೀವು ಕುಡಿಯೋದು ಆಲೇ ಅಲ್ವಾ ಸಾ, ಸುಮ್ನೆ ಬುಡಿ’ ಎಂದರೆ ಮೇಷ್ಟ್ರು, ‘ಕುಡಿಯೋದು ಬೇರೆ, ಬರೆಯೋದು ಬೇರೆ ಕಣಯ್ಯ. ತಪ್ಪು ಬರೆದದ್ದು ಹತ್ತು ಜನ ಓದಿದ್ರೆ ಅದೇ ಸರಿ ಆಗ್ಬುಡುತ್ತೆ’ ಎನ್ನುತ್ತಿದ್ದರು. ಈ ಜಗಳ ವರ್ಷಗಟ್ಟಲೆ ನಡೆಯಿತು. ಇಬ್ಬರಿಗೂ ಅದು ಬೇಕಾಗಿತ್ತು ಅಂತ ಕಾಣುತ್ತದೆ.

ಗಣಪತಿ ಹಾಲು ಕುಡಿಯುತ್ತಾನೆ ಎಂದು ಊರೆಲ್ಲ ಚೊಂಬು ಹಿಡಿದು ದೇವಸ್ಥಾನಗಳ ಮುಂದೆ ಸಾಲು ನಿಂತ ದಿನ ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಹಾಲಿನವನ ಹಾಲು ಬೆಳಗ್ಗೆಯೇ ಖಾಲಿಯಾಗಿತ್ತು. ಮೇಷ್ಟ್ರು ನಮ್ಮನ್ನೆಲ್ಲ ತಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ, ರುಬ್ಬುವ ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ, ಚಮಚದಲ್ಲಿ ಹಾಲು ತುಂಬಿಸಿ ಅದರ ಅಂಚಿಗೆ ಹಿಡಿದರು. ಹಾಲು ಮೆಲ್ಲಗೆ ಇಳಿಯಿತು. ‘ನೋಡ್ರೋ, ನಮ್ಮನೆ ರುಬ್ಬುಗುಂಡೂ ಕುಡೀತು. ನಾಳೆಯಿಂದ ಇದಕ್ಕೊಂದು ಗುಡಿ ಕಟ್ಸಣಾ?’ ಎಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ‘ಹಾಲು ದಂಡ ಮಾಡಿದ್ದಾಯ್ತಲ್ಲ, ಗುಂಡು ತೊಳೆದಿಡಿ’ ಎಂದು ಒಳಗೆ ಹೋದರು. ಅವರದು ಮಾತು ಕಡಿಮೆ, ಆಡಿದ್ದು ನೇರ.

ಯಾವ ಪಾಠ ಶುರು ಮಾಡಿದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: ಇದನ್ನು ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಹೇಳಿದ್ದರಿಂದ ಹೇಳಿದವನಿಗೆ ಏನು ಸಿಕ್ಕಿತು? ಗಾದೆಯಾದರೂ ಸರಿ, ಶಾಸನವಾದರೂ ಸರಿ. ನಾನು ಇವತ್ತು ಕನ್ನಡ ಪಾಠ ಮಾಡಿ ಬದುಕುತ್ತಿದ್ದೇನೆ. ನನ್ನ ತರಗತಿಯಲ್ಲೂ ಅದೇ ಪ್ರಶ್ನೆ ಕೇಳುತ್ತೇನೆ. ಕೇಳುವಾಗ ಪ್ರತಿ ಸಲವೂ ಅವರ ಧ್ವನಿಯೇ ಬರುತ್ತದೆ, ಪ್ರತಿ ಸಲವೂ ಬಾಯಿ ಕಹಿಯಾಗುತ್ತದೆ.

ಅವರು ಪದ್ಯ ಬರೆಯುತ್ತಿದ್ದರು. ಸ್ವಂತ ಖರ್ಚಿನಲ್ಲಿ ಒಂದು ಸಂಕಲನ ಅಚ್ಚು ಹಾಕಿಸಿದ್ದರು. ಆ ಕಟ್ಟುಗಳು ಮಂಚದ ಕೆಳಗಿದ್ದವು. ಬೀದಿಯಲ್ಲಿ ಯಾರ ಮದುವೆಯಾದರೂ, ಯಾರ ಗೃಹಪ್ರವೇಶವಾದರೂ ಮೇಷ್ಟ್ರ ಮುಯ್ಯಿ ಅದೇ ಪುಸ್ತಕ. ಆಮೇಲೆ ಎಲ್ಲಾದರೂ ಸಿಕ್ಕಾಗ, ‘ಓದಿದ್ರಾ?’ ಎನ್ನುತ್ತಿದ್ದರು. ‘ಚೆನ್ನಾಗದೆ ಮೇಷ್ಟ್ರೇ’ ಎನ್ನುತ್ತಿದ್ದರು ಜನ. ‘ಯಾವ ಪದ್ಯ?’ ಎಂದು ಅವರು ಎರಡನೆಯ ಪ್ರಶ್ನೆ ಹಾಕುತ್ತಿರಲಿಲ್ಲ. ಹಾಕಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

ಅಪ್ಪ ರೈಲ್ವೆ ವರ್ಕ್‌ಶಾಪಿನ ಕೆಲಸದಿಂದ ಬರುವುದು ಸಂಜೆ. ಹೀಗಾಗಿ ಅಮ್ಮನ ಸಣ್ಣಪುಟ್ಟ ಕಾಗದಪತ್ರದ ಕೆಲಸಕ್ಕೆಲ್ಲ ಮೇಷ್ಟ್ರೇ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದಾಗ ರಕ್ತ ಪರೀಕ್ಷೆಯ ಚೀಟಿ ಓದಿ ಹೇಳಿದ್ದು ಅವರು, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಡಾಕ್ಟರನ್ನು ಕೇಳಿಕೊಂಡು ಬಂದದ್ದೂ ಅವರೇ. ‘ತಂಗ್ಯಮ್ಮ’ ಎಂದು ಕರೆಯುತ್ತಿದ್ದರು. ಅಮ್ಮನಿಗೆ ಹುಟ್ಟಿದ ಅಣ್ಣತಮ್ಮಂದಿರಿರಲಿಲ್ಲ. ಗೋಡೆಯಾಚೆಯಿಂದ ಆ ಕೂಗು ಕೇಳಿದರೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬರುತ್ತಿದ್ದ ರೀತಿ ನನಗಿನ್ನೂ ಕಣ್ಣಲ್ಲಿದೆ.

ಬೇಸಿಗೆ ರಜೆಯಲ್ಲಿ ಮೇಷ್ಟ್ರು ಬೆಂಗಳೂರಿಗೆ ಹೋಗಿಬರುತ್ತಿದ್ದರು. ಪರೀಕ್ಷೆ ಪೇಪರು ತಿದ್ದಲು ಎಂದೇ ಬೀದಿಯವರೆಲ್ಲ ತಿಳಿದಿದ್ದೆವು. ಅಂಥ ಒಂದು ಬೇಸಿಗೆ ಕಳೆದು, ನಾನು ಕಾಲೇಜು ಸೇರಿದ ಮೇಲೆ ಬಂದದ್ದು ಆ ಸಿನಿಮಾ. ಅದರ ದೇವಿ ಹೊಸ್ತಿಲಮ್ಮ. ಚಾಮುಂಡಿಯ ಚಿಕ್ಕ ತಂಗಿ. ಒಡಹುಟ್ಟಿದವರ ಜೊತೆ ಜಗಳವಾಡಿ ಬೆಟ್ಟ ಇಳಿದು ಬಂದವಳು, ಸ್ವಂತ ಗುಡಿ ಇಲ್ಲದವಳು. ಸಂಜೆ ಹೊತ್ತು ಕಂಡವರ ಮನೆಯ ಹೊಸ್ತಿಲ ಮೇಲೆ ಕೂರುತ್ತಾಳೆ, ಒಳಗೂ ಬರಳು, ಹೊರಗೂ ಹೋಗಳು. ಯಾವ ಹೆಂಗಸು ಗುರುತು ಹಿಡಿದು ಮಣೆ ಹಾಕುತ್ತಾಳೋ ಅವಳ ಮನೆ ಕಾಯುತ್ತಾಳೆ. ಕಥೆ ಅಷ್ಟೇ. ಆದರೆ ಅಮ್ಮನ ಜೊತೆ ನಾನೂ ನೋಡಿದವಳು, ಹೇಳುತ್ತೇನೆ: ಆ ದೇವಿ ಮೊದಲ ಸಲ ಹೊಸ್ತಿಲ ಮೇಲೆ ಕೂತು, ‘ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ ಕಣಮ್ಮಾ’ ಎಂದಾಗ ಥಿಯೇಟರಿನಲ್ಲಿ ಅಳದ ಹೆಂಗಸಿರಲಿಲ್ಲ. ನಾನೂ ಅತ್ತೆ.

ಎರಡನೆಯ ವಾರದಿಂದ ಥಿಯೇಟರಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗುವವರು ಶುರುವಾದರು. ಪರದೆಯ ಮುಂದೆ ಕಾಯಿ ಒಡೆದರು, ಕರ್ಪೂರ ಹಚ್ಚಿದರು. ಮೈಮೇಲೆ ದೇವರು ಬಂದವರನ್ನು ಹಿಡಿದುಕೊಳ್ಳಲು ಮಾಲೀಕರು ಇಬ್ಬರು ಹೆಂಗಸರನ್ನೇ ಇಟ್ಟರಂತೆ. ಆಟೋಗಳ ಹಿಂದೆ ‘ಹೊಸ್ತಿಲಮ್ಮನ ಕೃಪೆ’ ಎಂದು ಬಂತು. ಬೆಟ್ಟದ ಮೇಲಿನ ಅಂಗಡಿಗಳಲ್ಲಿ ಅವಳ ಪಟ ಬಂತು, ಹಾಡಿನ ಕ್ಯಾಸೆಟ್ಟು ಬಂತು, ವ್ರತದ ಕೈಪಿಡಿಯೂ ಬಂತು. ವ್ರತವೆಂದರೆ ಸಿನಿಮಾದಲ್ಲಿ ನಾಯಕಿ ಮಾಡಿದ್ದೇ. ಇಂತಿಷ್ಟು ವಾರ ಎಂದು ಹರಕೆ ಹೊತ್ತು, ಶುಕ್ರವಾರ ಇಡೀ ಉಪವಾಸ, ಆವತ್ತು ಔಷಧಿ ಮುಟ್ಟಬಾರದು, ಸಂಜೆ ಹೊಸ್ತಿಲ ಮೇಲೆ ಮಣೆ ಹಾಕಿ ದೀಪ. ಕೊನೆಯ ಶುಕ್ರವಾರ ಬರಿಗಾಲಲ್ಲಿ ಬೆಟ್ಟ ಹತ್ತಿ, ಅಕ್ಕತಂಗಿಯರ ಜಗಳ ಬಿಡಿಸು ತಾಯಿ ಎಂದು ಚಾಮುಂಡಿಯ ಮುಂದೆ ಬೇಡಿಕೊಂಡು ಬರಬೇಕು.

ನಮ್ಮ ಬೀದಿಯಲ್ಲಿ ಮನೆಮನೆಗೂ ಹೊಸ್ತಿಲಿಗೆ ಮಣೆ ಬಿತ್ತು. ಅಮ್ಮ ಮಾತ್ರ ತಡೆದಳು. ಅವಳ ಕೊರಳಲ್ಲಿ ಲಿಂಗವಿತ್ತು. ಅನ್ಯದೈವದ ಗೊಡವೆ ಬೇಡ ಎಂದು ಮಠದಲ್ಲಿ ಹೇಳುತ್ತಿದ್ದುದನ್ನು ಅವಳು ಅರ್ಧ ಪಾಲಿಸುತ್ತಿದ್ದಳು. ಬೆಟ್ಟದ ತಾಯಿಯನ್ನು ಬಿಡಲು ಮೈಸೂರಿನಲ್ಲಿ ಯಾರಿಗೆ ಸಾಧ್ಯ? ಆದರೆ ಈ ಹೊಸಬಳ ವಿಷಯದಲ್ಲಿ ಅವಳಿಗೆ ಅನುಮಾನವಿತ್ತು. ‘ಪಟ ನೋಡು, ಆ ಹೀರೋಯಿನ್ನಿಗೆ ಇರೋ ಮಚ್ಚೆ ದೇವರ ಗಲ್ಲದ ಮೇಲೂ ಅದೆ’ ಎಂದು ನಕ್ಕಿದ್ದಳು.

ಆದರೂ ಅವಳಿಗೆ ಆಸೆಯಿತ್ತು. ಮಾತ್ರೆ ಸಾಕಾಗಿತ್ತು. ಕಾಲು ಜೋಮು ಹಿಡಿಯುತ್ತಿತ್ತು. ಒಂದು ಸಂಜೆ ಮೇಷ್ಟ್ರು ಗೋಡೆಯ ಮೇಲೆ ಕೂತು ಉಪ್ಪುಖಾರ ಹಚ್ಚಿದ ಸೀಬೆಕಾಯಿ ತಿನ್ನುತ್ತಿದ್ದರು. ನಾನು ಮೆಟ್ಟಿಲ ಮೇಲೆ ಓದುತ್ತಾ ಕೂತಿದ್ದೆ. ಅಮ್ಮ ಮೊರ ಹಿಡಿದುಕೊಂಡೇ ಹೋಗಿ ಅವರ ಮುಂದೆ ನಿಂತಳು.

‘ಮೇಷ್ಟ್ರೇ, ಒಂದ್ಮಾತು. ಚಾಮುಂಡಿ ತಂಗಿ ಅಂದ್ರೆ ಉತ್ತನಹಳ್ಳಿ ತಾಯಿ ಅಂತ ನಾವು ಚಿಕ್ಕೋರಿದ್ದಾಗಿಂದ ಕೇಳಿದೀವಿ. ಇವಳ್ಯಾರು ಇನ್ನೊಬ್ಳು?’

ಮೇಷ್ಟ್ರು ಸೀಬೆಕಾಯಿ ಅಗಿಯುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.

‘ಇವಳು ಇನ್ನೂ ಚಿಕ್ಕೋಳು ತಂಗ್ಯಮ್ಮ. ಕಡೇ ತಂಗಿ.’

‘ಪುರಾಣದಲ್ಲಿದಾಳಾ?’

‘ಇದಾಳೆ. ಹಳೇ ತಾಳೆಗರಿಲಿ ಓದಿದೀನಿ.’

‘ನೀವು ಓದಿದೀರಾ?’

‘ಓದಿದೀನಮ್ಮ.’

ಅಮ್ಮ ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. ‘ಆವತ್ತು ಔಷಧಿ ಮುಟ್ಟಬಾರ್ದು ಅಂತಾರಲ್ಲ, ಅದೂನೂ ಇದೆಯಾ?’

‘ಶಾಸ್ತ್ರ ಹಂಗೇ ಇದೆ’ ಎಂದರು ಮೇಷ್ಟ್ರು. ಆಮೇಲೆ ಸೀಬೆಕಾಯಿ ಬಹಳ ಸಿಹಿಯಾಗಿದೆ ಎಂದರು.

ರುಬ್ಬುಗುಂಡಿಗೆ ಹಾಲು ಕುಡಿಸಿದ ಮನುಷ್ಯ ಹೇಳಿದ ಮೇಲೆ ಇನ್ನೇನು ಸಂಶಯ? ನನಗೂ ಇರಲಿಲ್ಲ. ಆ ಶುಕ್ರವಾರವೇ ನಮ್ಮ ಹೊಸ್ತಿಲಿಗೂ ಮಣೆ ಬಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಮೊದಲ ಪ್ರಸಾದ ಕಳಿಸುತ್ತಿದ್ದದ್ದು ಗೋಡೆಯಾಚೆಗೆ. ಮೇಷ್ಟ್ರು ಎರಡು ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರು ಅದುವರೆಗೆ ಯಾವ ಪ್ರಸಾದವನ್ನೂ ಕಣ್ಣಿಗೊತ್ತಿಕೊಂಡದ್ದನ್ನು ನಾನು ನೋಡಿರಲಿಲ್ಲ. ನಮ್ಮ ಸಾರ್ ಕೂಡ ಬದಲಾದರಲ್ಲ ಎಂದುಕೊಂಡೆ. ಅವರ ಹೆಂಡತಿ ಮಾತ್ರ ಪ್ರಸಾದ ಮುಟ್ಟುತ್ತಿರಲಿಲ್ಲ. ಒಂದು ಸಲ ಗೋಡೆಯ ಹತ್ತಿರ ಬಂದು ಅಮ್ಮನಿಗೆ, ‘ಮಾತ್ರೆ ನುಂಗ್ಬುಡಿ ಕಣ್ರೀ, ದೇವರೇನು ಬೇಜಾರು ಮಾಡ್ಕಳಲ್ಲ’ ಎಂದಿದ್ದರು. ಅಮ್ಮ ನಕ್ಕು, ‘ನಿಮ್ಮೆಜಮಾನ್ರೇ ಶಾಸ್ತ್ರ ಹೇಳಿದಾರೆ’ ಎಂದಳು. ಅವರು ಒಳಗೆ ಹೋದರು.

ಕೊನೆಯ ಶುಕ್ರವಾರ ಬಂದದ್ದು ಬಿರುಬೇಸಿಗೆಯಲ್ಲಿ. ಅಮ್ಮ ಬೀದಿಯ ಹೆಂಗಸರ ಜೊತೆ ಬರಿಗಾಲಲ್ಲಿ ಹೊರಟಾಗ ಮೇಷ್ಟ್ರು ಸೈಕಲ್ಲು ಒರೆಸುತ್ತಿದ್ದರು. ‘ಹೋಗ್ಬರ್ತೀನಿ ಮೇಷ್ಟ್ರೇ’ ಎಂದಳು. ‘ಹೋಗ್ಬನ್ನಿ ತಂಗ್ಯಮ್ಮ’ ಎಂದರು. ಅವಳ ಕಾಯಿಲೆಯ ಚೀಟಿಗಳನ್ನೆಲ್ಲ ಓದಿದ್ದವರು, ಪಾದಕ್ಕೆ ಸ್ಪರ್ಶ ಕಡಿಮೆಯಾಗಿದೆ, ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನಮಗೆ ಬಿಡಿಸಿ ಹೇಳಿದ್ದವರು.

ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ನಡೆದು ಅಂಗಾಲು ಬೆಂದದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ಬೊಬ್ಬೆ ಕಂಡಿತು. ಅರಿಶಿನ ಹಚ್ಚಿಕೊಂಡಳು. ಬೊಬ್ಬೆ ಒಡೆದು ಹುಣ್ಣಾಯಿತು, ಹುಣ್ಣು ಕಪ್ಪಾಯಿತು. ದೊಡ್ಡಾಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಆಮೇಲೆ, ಇನ್ನು ಬಿಟ್ಟರೆ ಜೀವಕ್ಕೆ ಅಪಾಯ ಎಂದು ಮೊಣಕಾಲಿನ ಕೆಳಗಿನಿಂದ ತೆಗೆದರು. ಮೇಷ್ಟ್ರು ದಿನಾ ಮೋಸಂಬಿ ಹಿಡಿದುಕೊಂಡು ಬಂದು ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಕಣ್ಣು ಕೆಂಪಗಿರುತ್ತಿದ್ದವು. ‘ಒಡಹುಟ್ಟಿದೋರೂ ಹಿಂಗೆ ನೋಡ್ಕಳಲ್ಲ’ ಎಂದು ಪಕ್ಕದ ಮಂಚದ ಮುದುಕಿ ಹೇಳುತ್ತಿದ್ದಳು.

ಅಮ್ಮ ಊರುಗೋಲಿನಲ್ಲಿ ನಡೆಯಲು ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ಬೀದಿಗೆ ಒಂದು ಕಾರು ಬಂತು. ನಾನು ಗೇಟಿನ ಹತ್ತಿರ ಬಟ್ಟೆ ಒಣಗಿಸುತ್ತಿದ್ದೆ. ಕಾರಿನಿಂದಿಳಿದವನು ಬೆಂಗಳೂರಿನ ಸಿನಿಮಾ ಕಂಪನಿಯವನು.

‘ಹೊಸ್ತಿಲಮ್ಮನ್ನ ಬರೆದ ಮೇಷ್ಟ್ರ ಮನೆ ಯಾವುದಮ್ಮಾ?’

ನನಗೆ ಅರ್ಥವಾಗಲಿಲ್ಲ. ‘ಯಾರು ಬರೆದದ್ದು?’

‘ಮೇಷ್ಟ್ರು ಕಣಮ್ಮಾ, ಇಲ್ಲೇ ಹೈಸ್ಕೂಲಲ್ಲಿ ಕನ್ನಡ ಹೇಳ್ಕೊಡ್ತಾರಲ್ಲ. ಹೆಸರು ಡೈರೆಕ್ಟರದು, ಕಥೆ ಇವರದು. ಬೇಸಿಗೆ ರಜದಲ್ಲಿ ನಮ್ಮಾಫೀಸಿನ ರೂಮಲ್ಲಿ ಕೂತು ಒಂದು ದೇವರನ್ನೇ ಹುಟ್ಟಿಸಿ ಕೊಟ್ಟರು. ಇದ್ದ ದೇವರ ಮೇಲೆ ಮಾಡಿದ್ರೆ ಭಕ್ತರು ತಕರಾರು ತೆಗೀತಾರೆ, ಇಲ್ಲದ ದೇವರಾದ್ರೆ ಕೇಳೋರಿಲ್ಲ ಅಂತ ಐಡಿಯಾ ಕೊಟ್ಟಿದ್ದೇ ಅವರು. ಈಗ ಎರಡನೇ ಭಾಗ ಬರೀಬೇಕು.’

ಅವನಿಗೆ ಅದು ಹೊಗಳಿಕೆ. ನಗುತ್ತಾ ಹೇಳಿದ. ನಾನು ಮನೆ ತೋರಿಸಿದೆ. ಅವನು ವಾಪಸ್ಸು ಹೋಗುವವರೆಗೂ ಅದೇ ಒದ್ದೆ ಸೀರೆ ಹಿಡಿದುಕೊಂಡು ನಿಂತಿದ್ದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗೋಡೆ ದಾಟಿ ಹೋದೆ.

ಮೇಷ್ಟ್ರು ಜಗಲಿಯ ಮೇಲಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

‘ಹೌದಾ ಸಾರ್?’

‘ಕೂತ್ಕೋ.’

‘ಹೌದಾ?’

‘ಹೌದು ಕಣಮ್ಮ.’

ತಾಳೆಗರಿ ಎಲ್ಲಿದೆ ಎಂದು ಕೇಳಿದೆ. ಇಲ್ಲ ಎಂದರು. ಔಷಧಿ ಮುಟ್ಟಬಾರದು ಎಂಬ ಶಾಸ್ತ್ರ? ನಾಯಕಿಯ ಭಕ್ತಿ ಎದ್ದು ಕಾಣಲಿ ಎಂದು ಆ ದೃಶ್ಯ ಹಾಕಿದ್ದರಂತೆ. ಬರಿಗಾಲು? ಬೆಟ್ಟದ ಮೆಟ್ಟಿಲ ಮೇಲೆ ಒಂದು ಹಾಡು ಬೇಕಾಗಿತ್ತಂತೆ.

ಆಮೇಲೆ ಅವರಾಗಿಯೇ ಮಾತಾಡಿದರು, ನನ್ನನ್ನು ನೋಡದೆ, ಗೋಡೆಯ ಕಡೆ ನೋಡುತ್ತಾ. ‘ಮೊದಲ್ನೇ ವಾರ ನಾನೂ ಥಿಯೇಟರಿಗೆ ಹೋಗಿದ್ದೆ. ಹಿಂದಿನ ಸಾಲಲ್ಲಿ ಕೂತಿದ್ದೆ. ಹೆಂಗಸರು ಎದ್ದು ನಿಂತು ಆರತಿ ಎತ್ತಿದ್ರು ಕಣಮ್ಮ. ನನ್ನ ಮಾತಿಗೆ. ಜೀವಮಾನವೆಲ್ಲ ಪದ್ಯ ಬರೆದೆ, ಒಬ್ಬರೂ ಓದಲಿಲ್ಲ. ಇದನ್ನ ಊರಿಗೂರೇ ನಂಬ್ತು. ನಿಮ್ಮಮ್ಮ ಬಂದು ಕೇಳ್ದಾಗ ಅವರ ಮುಖದಲ್ಲಿ ಎಷ್ಟು ಆಸೆ ಇತ್ತು ಗೊತ್ತಾ? ಇಲ್ಲ ಅನ್ನೋಕೆ ನಾಲಗೆ ಬರಲಿಲ್ಲ.’

‘ಇದೆ ಅನ್ನೋಕೆ ಬಂತಾ ಸಾರ್?’

ಒಳಗಿನಿಂದ ಅವರ ಹೆಂಡತಿಯ ಧ್ವನಿ ಕೇಳಿತು: ‘ಅವಳ ಹತ್ರ ಹೇಳಿದ್ದಾಯ್ತಲ್ಲ, ಅವರಮ್ಮನ ಹತ್ರಾನೂ ಹೋಗಿ ಹೇಳಿ.’

ಮಾರನೆಯ ದಿನ ಬಂದರು. ಅಮ್ಮ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಕೆಲಸಕ್ಕೆ ಹೋಗಿದ್ದರು. ಮೇಷ್ಟ್ರು ಬಾಗಿಲ ಹತ್ತಿರವೇ ನಿಂತು ಎಲ್ಲವನ್ನೂ ಹೇಳಿದರು. ಬಿಡಿಸಿ ಹೇಳಿದರು, ಪಾಠ ಹೇಳಿದಂತೆ. ಅಮ್ಮ ಕೇಳುತ್ತಲೇ ಕಾಯಿ ಸುಲಿದಳು. ಅವಳು ನಂಬುವುದಿಲ್ಲವೇನೋ, ತಾಯಿಯೇ ನಿಮ್ಮ ಕೈಲಿ ಬರೆಸಿದಳು ಎನ್ನುತ್ತಾಳೇನೋ ಎಂದು ನನಗೆ ಅನಿಸಿತ್ತು. ಮೇಷ್ಟ್ರಿಗೂ ಆ ಆಸೆ ಇತ್ತೆಂದು ಕಾಣುತ್ತದೆ, ಏಕೆಂದರೆ ಕೊನೆಯಲ್ಲಿ, ‘ಆದ್ರೂ ನಿಮ್ಮ ಭಕ್ತಿ ಸುಳ್ಳಲ್ಲ ತಂಗ್ಯಮ್ಮ’ ಎಂದರು.

ಅಮ್ಮ ತಲೆಯೆತ್ತಿದಳು.

‘ಭಕ್ತಿ ಮಾತು ಬುಡಿ ಮೇಷ್ಟ್ರೇ. ಸಿನಿಮಾ ಸುಳ್ಳು ಅಂತ ನನಗೆ ಗೊತ್ತಿರ್ಲಿಲ್ವಾ? ಈ ಪಿಚ್ಚರ್ರಲ್ಲಿ ಸತ್ತೋನು ಮುಂದಿನ ಪಿಚ್ಚರ್ರಲ್ಲಿ ಎದ್ದು ಬಂದು ಡ್ಯಾನ್ಸ್ ಮಾಡ್ತಾನೆ. ಅಷ್ಟು ತಿಳೀದೋಳಲ್ಲ ನಾನು. ಅದಕ್ಕೇ ನಿಮ್ಮನ್ನ ಕೇಳಿದ್ದು. ನಾನು ಆ ದೇವಿನ ನಂಬಿ ಬೆಟ್ಟ ಹತ್ತಲಿಲ್ಲ. ನಿಮ್ಮನ್ನ ನಂಬಿ ಹತ್ತಿದ್ದು.’

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಾಲು ಮುಟ್ಟಿ ಕ್ಷಮೆ ಕೇಳಿಕೊಳ್ಳುತ್ತೇನೆ ಎಂದು ಬಗ್ಗಲು ಹೋದರು. ‘ಯಾವ ಕಾಲು?’ ಎಂದಳು ಅಮ್ಮ. ನಾನು ಅವಳ ಬಾಯಿಂದ ಅಷ್ಟು ತಣ್ಣಗಿನ ಮಾತು ಮತ್ತೆಂದೂ ಕೇಳಿಲ್ಲ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ ಅವಳೇ, ‘ಆಗಿದ್ದಾಯ್ತು. ಇನ್ನೊಬ್ಬಳಿಗೆ ಹಿಂಗಾಗೋದು ಬೇಡ. ಜನಕ್ಕೆ ಹೇಳಿ. ಅಷ್ಟು ಮಾಡಿ ಸಾಕು’ ಎಂದಳು.

‘ಹೇಳ್ತೀನಿ’ ಎಂದರು ಮೇಷ್ಟ್ರು.

ಎರಡನೆಯ ಭಾಗವನ್ನು ಅವರು ಬರೆಯಲಿಲ್ಲ, ಅದು ನಿಜ. ಆದರೆ ಜನಕ್ಕೆ ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಹೋದರು. ಪೇಪರಿಗೆ ಬರೆಯುತ್ತೇನೆ ಎಂದರು. ಬರೆದರೆ ಸಿನಿಮಾದವರು ಏನನ್ನುತ್ತಾರೋ ಎಂದರು. ನಿವೃತ್ತಿಯಾಗಲಿ ಎಂದರು. ನಿವೃತ್ತಿಯೂ ಆಯಿತು. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿ, ಅಮ್ಮನಿಗೆ ಕೃತಕ ಕಾಲು ಹಾಕಿಸಿದ್ದೆವು. ಅವಳು ವ್ರತ ಬಿಟ್ಟು ಬಹಳ ಕಾಲವಾಗಿತ್ತು. ಬೀದಿಯ ಉಳಿದ ಹೊಸ್ತಿಲುಗಳಲ್ಲಿ ಮಣೆ ಹಾಗೇ ಇತ್ತು.

ಶ್ರೀರಾಂಪುರದ ಆಚೆ ಹೊಸ ಬಡಾವಣೆಗಳೆದ್ದ ಕಾಲದಲ್ಲಿ ಅಲ್ಲೊಂದು ಕಡೆ ಹೊಸ್ತಿಲಮ್ಮನ ದೇವಸ್ಥಾನ ಕಟ್ಟಿದರು. ಪ್ರತಿಷ್ಠಾಪನೆಯ ಸಮಾರಂಭಕ್ಕೆ ಮೇಷ್ಟ್ರನ್ನು ಕರೆದರು. ಅವರೇ ಕಥೆ ಬರೆದವರೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ, ದೇವಿಯ ವಿಷಯ ಬಲ್ಲ ಪಂಡಿತರು ಎಂದು ಯಾರೋ ಹೇಳಿದ್ದರು, ಅಷ್ಟೇ. ಹಿಂದಿನ ದಿನ ಗೋಡೆಯ ಹತ್ತಿರ ಬಂದರು. ಆಗಲೇ ಬಹಳ ಮುದುಕರಾಗಿದ್ದರು.

‘ತಂಗ್ಯಮ್ಮ, ನಾಳೆ ಹೇಳ್ಬುಡ್ತೀನಿ. ಮೈಕಿನಲ್ಲೇ ಹೇಳ್ತೀನಿ. ನೀವು ಬನ್ನಿ. ನೀವು ಎದುರಿಗಿದ್ರೆ ನನಗೆ ಧೈರ್ಯ ಬರ್ತದೆ.’

ಅಮ್ಮ ರಾತ್ರಿಯೇ ಸೀರೆ ತೆಗೆದಿಟ್ಟಳು. ಬೆಳಗ್ಗೆ ಆಟೋದಲ್ಲಿ ಹೋದೆವು. ಶಾಮಿಯಾನದ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ವೇದಿಕೆಯ ಮೇಲೆ ಮೇಷ್ಟ್ರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಅವರ ಸಣ್ಣ ತಲೆಗೆ ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿದಿತ್ತು. ಮೈಕಿನ ಮುಂದೆ ಬಂದು ನಿಂತರು. ಅಮ್ಮನನ್ನು ನೋಡಿದರು.

‘ಈ ತಾಯಿಯ ಬಗ್ಗೆ ನಾನು ನಿಮಗೊಂದು ಸತ್ಯ ಹೇಳಬೇಕು’ ಎಂದು ಶುರು ಮಾಡಿದರು.

ಹಿಂದಿನ ಸಾಲುಗಳಲ್ಲಿ ಹೆಂಗಸರು ಮಕ್ಕಳನ್ನು ಸುಮ್ಮನಿರಿಸಿ ಕೈಮುಗಿದು ಕೂತರು. ಯಾರೋ ಸೆರಗು ತಲೆಯ ಮೇಲೆ ಎಳೆದುಕೊಂಡರು. ಮೇಷ್ಟ್ರು ಅವರನ್ನೆಲ್ಲ ನೋಡಿದರು. ಆ ನೋಟವನ್ನು ಹೇಗೆ ಹೇಳಲಿ? ತರಗತಿಯಲ್ಲಿ ಅವರು ಸ್ವಂತ ಪದ್ಯ ಓದುವಾಗ ನಾವು ಆಕಳಿಸುತ್ತಿದ್ದೆವು. ಇಲ್ಲಿ ಒಬ್ಬರೂ ಆಕಳಿಸುತ್ತಿರಲಿಲ್ಲ.

‘ಈ ತಾಯಿಯ ಕಥೆಯನ್ನು ನಾನು ಮೊದಲು ಕೇಳಿದ್ದು ನನ್ನ ಅಜ್ಜಿಯ ಬಾಯಿಂದ’ ಎಂದರು.

ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಬಹಳ ಚೆನ್ನಾಗಿ ಮಾತಾಡಿದರು. ಅಜ್ಜಿ ಒಲೆಯ ಮುಂದೆ ಕೂತು ಹಾಡುತ್ತಿದ್ದ ಪದ ಎಂದು ನಾಲ್ಕು ಸಾಲು ಹಾಡಿಯೂ ಬಿಟ್ಟರು, ಅಲ್ಲೇ ಕಟ್ಟಿ. ಹೆಂಗಸರು ಕಣ್ಣೊರೆಸಿಕೊಂಡರು. ಅಮ್ಮ ಆ ನಾಲ್ಕು ಸಾಲು ಮುಗಿಯುವವರೆಗೂ ಕೂತಿದ್ದಳು. ಆಮೇಲೆ ನನ್ನ ತೋಳು ಹಿಡಿದು, ‘ಏಳು, ಹೋಗಣ’ ಎಂದಳು. ಮುಂದಿನ ಸಾಲಿನಿಂದ ಅವಳು ಕುಂಟುತ್ತಾ ಎದ್ದು ಹೋಗುವುದನ್ನು ಮೇಷ್ಟ್ರು ನೋಡಿದರು. ಮಾತು ನಿಲ್ಲಿಸಲಿಲ್ಲ.

ಆಟೋ ಮನೆ ಹತ್ತಿರ ಬಂದಾಗ ಅಮ್ಮ ಒಮ್ಮೆ ನಕ್ಕಳು. ‘ನಂಗೆ ತಾಳೆಗರಿ ಅಂದಿದ್ರು. ಇವ್ರಿಗೆ ಅಜ್ಜಿ’ ಎಂದಳು.

ಅವರನ್ನು ಆ ದೇವಸ್ಥಾನದ ಗೌರವಾಧ್ಯಕ್ಷರನ್ನಾಗಿ ಮಾಡಿದರು. ಪ್ರತಿ ಶುಕ್ರವಾರ ಹೋಗುತ್ತಿದ್ದರು. ನಾನು ಅವರ ಜೊತೆ ಮಾತು ಬಿಟ್ಟೆ. ಬೀದಿಯಲ್ಲಿ ಎದುರಾದರೆ ಅವರೇ ಸೈಕಲ್ಲು ನಿಲ್ಲಿಸಿ ನಿಲ್ಲುತ್ತಿದ್ದರು, ನಾನು ದಾಟಿ ಹೋಗುತ್ತಿದ್ದೆ. ಒಂದು ಸಂಜೆ ಗೋಡೆಯ ಹತ್ತಿರ ಬಂದು ಅಮ್ಮನನ್ನು ಕೂಗಿದರು. ಮುಖದಲ್ಲಿ ಏನೋ ಗೆದ್ದ ಸಂತೋಷ.

‘ತಂಗ್ಯಮ್ಮ, ದೇವಸ್ಥಾನದ ಬಾಗಿಲಲ್ಲಿ ಬೋರ್ಡು ಹಾಕ್ಸಿದೀನಿ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡತಕ್ಕದ್ದಲ್ಲ, ಔಷಧಿ ಬಿಡತಕ್ಕದ್ದಲ್ಲ, ಬರಿಗಾಲಲ್ಲಿ ನಡೆಯತಕ್ಕದ್ದಲ್ಲ, ಇದು ಅಮ್ಮನವರ ಅಪ್ಪಣೆ ಅಂತ. ದೊಡ್ಡ ಅಕ್ಷರದಲ್ಲಿ. ಒಂದು ತಪ್ಪಿಲ್ಲದಂಗೆ ಬರೆಸಿದೀನಿ. ನನಗೆ ಕನಸಲ್ಲಿ ಬಂದು ಹೇಳಿದಳು ಅಂದೆ. ಟ್ರಸ್ಟಿನವರು ಒಪ್ಪಿಬುಟ್ರು. ನಾನು ಸತ್ಯ ಹೇಳಿದ್ರೆ ನನ್ನನ್ನ ಓಡಿಸಿ ಅದೇ ವ್ರತ ಮಾಡ್ತಿದ್ರು. ಈಗ ಜನ ಮಾತ್ರೆ ನುಂಗ್ತಾರೆ.’

ನ್ಯಾಯವಾಗಿ ಹೇಳಬೇಕೆಂದರೆ ಆ ಬೋರ್ಡಿನಿಂದ ಒಳ್ಳೆಯದೇ ಆಗಿರಬೇಕು. ಎಷ್ಟೋ ಹೆಂಗಸರು ಅದನ್ನು ಓದಿ ಚಪ್ಪಲಿ ಹಾಕಿಕೊಂಡು ಹೋಗಿದ್ದಾರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಮ್ಮ ಊರುಗೋಲಿಗೆ ಕೈಯೂರಿ ನಿಂತು ಅವರನ್ನು ನೋಡಿದಳು.

‘ನಿಜ ಹೇಳಕ್ಕೂ ನಿಮಗೆ ಸುಳ್ಳೇ ಬೇಕಾ ಮೇಷ್ಟ್ರೇ?’

ಮೇಷ್ಟ್ರ ಮುಖ ಇಳಿದುಹೋಯಿತು. ಆಮೇಲೆ ಜೇಬಿನಲ್ಲಿ ಕೈಹಾಕಿ ಏನನ್ನೋ ಹುಡುಕುವವರಂತೆ ಹುಡುಕಿ, ಮೆಲ್ಲಗೆ ಒಳಗೆ ಹೋದರು. ಆ ಮೇಲೆ ಅವರು ಗೋಡೆಯ ಹತ್ತಿರ ಬಂದು ಕೂಗಿದ್ದು ನನಗೆ ನೆನಪಿಲ್ಲ.

ಅವರು ಹೋದದ್ದು ಹಗಲು ಹೊತ್ತಿನಲ್ಲಿ, ಊಟ ಮಾಡಿ ಕುರ್ಚಿಯಲ್ಲಿ ಕೂತಲ್ಲೇ. ಸುದ್ದಿ ಬಂದಾಗ ನಾನು ಹೋಗುವುದಿಲ್ಲ ಎಂದೆ. ಅಮ್ಮ, ‘ಪಕ್ಕದ ಮನೆ ಕಣೇ’ ಎಂದು ಆಗಲೇ ಊರುಗೋಲು ತೆಗೆದುಕೊಂಡಿದ್ದಳು. ಹಿಂದೆಯೇ ಹೋದೆ.

ಮೇಷ್ಟ್ರೂ ನಮ್ಮಂತೆ ಲಿಂಗವಂತರೇ; ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಜಗಲಿ ತುಂಬಾ ಜನ. 

ಹಳೆಯ ವಿದ್ಯಾರ್ಥಿಗಳು, ಹಾಲಿನವನು, ದೇವಸ್ಥಾನದಿಂದ ವ್ಯಾನಿನಲ್ಲಿ ಬಂದಿದ್ದ ಹೆಂಗಸರು. ಅವರಲ್ಲೊಬ್ಬಳು ಹೊಸ್ತಿಲಮ್ಮನ ಪಾದದ ಕುಂಕುಮ ತಂದಿದ್ದಳು. ತಟ್ಟೆ ಹಿಡಿದು ಮೇಷ್ಟ್ರ ಹಣೆಗೆ ಇಡಲು ಮುಂದೆ ಬಂದಳು.

‘ಹಚ್ಚಬೇಡಿ’ ಎಂದಳು ಅಮ್ಮ. ಜೋರಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ‘ಮೇಷ್ಟ್ರು ಅವಳನ್ನ ಒಂದಿನಾನೂ ನಂಬಿರ್ಲಿಲ್ಲ.’

ಆ ಹೆಂಗಸು ಗಾಬರಿಯಾಗಿ ನಿಂತಳು. ‘ಯಾರಮ್ಮ ಇವರು?’ ಎಂದು ಹಿಂದಿನವರು ಪಿಸುಗುಟ್ಟಿದರು. ಮೇಷ್ಟ್ರ ಹೆಂಡತಿ ಗಂಡನ ಪಕ್ಕ ಕೂತಿದ್ದವರು ತಲೆಯೆತ್ತಿ ಅಮ್ಮನನ್ನು ನೋಡಿದರು. ಸಿಟ್ಟು ಮಾಡಿಕೊಳ್ಳುತ್ತಾರೆಂದು ನಾನು ಅಮ್ಮನ ಕೈ ಹಿಡಿದೆ. ಅವರು ಮೆಲ್ಲಗೆ ಎದ್ದು ಆ ಹೆಂಗಸಿನ ಕೈಯಿಂದ ತಟ್ಟೆ ತೆಗೆದುಕೊಂಡು, ತಮ್ಮ ಕೈಯಾರೆ ಕುಂಕುಮವನ್ನು ಮೇಷ್ಟ್ರ ಹಣೆಗೆ, ವಿಭೂತಿಯ ನಡುವೆ ಒತ್ತಿ ಹಚ್ಚಿದರು.

‘ಇವರೇ ಮಾಡಿದ ದೇವರು. ಇವರೇ ಹೊತ್ಕೊಂಡು ಹೋಗ್ಲಿ ಬುಡಿ’ ಎಂದರು.

ದೇವಸ್ಥಾನದ ಹೆಂಗಸರು ಅದನ್ನು ಹೊಗಳಿಕೆಯೆಂದು ತಿಳಿದು ಕೈಮುಗಿದರು. ಅಮ್ಮ ನನ್ನ ಕೈ ಬಿಡಿಸಿಕೊಂಡು ಮೇಷ್ಟ್ರ ಹೆಂಡತಿಯ ಹತ್ತಿರ ಹೋದಳು. ಯಾರೋ ಕುರ್ಚಿ ತಂದರು, ಬೇಡವೆಂದಳು. ಆ ಕಾಲಿನಲ್ಲಿ ನೆಲಕ್ಕೆ ಕೂರುವುದು ಅವಳಿಗೆ ಬಹಳ ಕಷ್ಟ. ಊರುಗೋಲನ್ನು ಪಕ್ಕಕ್ಕಿಟ್ಟು, ಕೃತಕ ಕಾಲನ್ನು ನೀಡಿಕೊಂಡು, ಅವರ ಪಕ್ಕದಲ್ಲಿ ನೆಲಕ್ಕೇ ಕೂತಳು.